ಸೊಸೇನ ಕೇಳಿ ಯೋಳ್ತೀನಿ

ಫೆಬ್ರವರಿ 3, ಸೋಮವಾರ

ಮತ್ತೆ ಅದೇ. ಗೋಡೌನಿನಲ್ಲಿ ಕುರ್ಚಿ ಎಣಿಸಿದರೆ ಇನ್ನೂರು ಕಡಿಮೆ. ಎಲ್ಲಿ ಹೋದವು? ಮಾವನಿಗೆ ಗೊತ್ತು. ಮಾವ ಎಲ್ಲಿ? ಸಂತೆಗೆ ಹೋಗಿದ್ದಾರೆ. ಅವರ ಫೋನು? ಮನೆಯಲ್ಲಿ ಚಾರ್ಜಿಗಿದೆ.

ಇರುವುದು ಪಾಂಡವಪುರದ ಒಂದು ಶಾಮಿಯಾನ ಅಂಗಡಿ. ಬಾಡಿಗೆಗೆ ಕೊಡುವುದು ಶಾಮಿಯಾನ, ಪಾತ್ರೆ, ಕುರ್ಚಿ. ಇಷ್ಟಕ್ಕೆ ಮೂರು ಫೋನು, ಮೂರು ಬಾಯಿ. ಮಾವ ಒಂದು ಕಡೆ ಹೂಂ ಅಂದಿರುತ್ತಾರೆ, ನನ್ನ ಗಂಡ ಲೋಕೇಶ್ ಇನ್ನೊಂದು ಕಡೆ. ಟೆಂಪೋ ಓಡಿಸುವ ಶಂಕರ್ ಕೂಡ ದಾರಿಯಲ್ಲಿ ಸಿಕ್ಕವರಿಗೆ ಹೂಂ ಅಂದು ಬರುತ್ತಾನೆ. ಒಬ್ಬರದು ಒಬ್ಬರಿಗೆ ಗೊತ್ತಿಲ್ಲ. ಎಲ್ಲ ಒಂದೇ ಕಡೆ ಬರೆದಿಡೋಣ ಅಂದರೆ ಯಾರೂ ಕೇಳುವುದಿಲ್ಲ. ಕೊನೆಗೆ ಬೈಸಿಕೊಳ್ಳುವವಳು ನಾನು.

ಇದನ್ನು ಬಿಟ್ಟು ವಾರಕ್ಕೆ ಮೂರು ದಿನ ಕೆ.ಆರ್. ಪೇಟೆಗೆ ಬಸ್ಸು ಹತ್ತಬೇಕು. ಅಲ್ಲಿ ಬಿ.ಕಾಂ. ಮಕ್ಕಳಿಗೆ ನಾನು ಹೇಳುವ ಪಾಠ — ಇನ್ಫರ್ಮೇಷನ್ ಸಿಸ್ಟಮ್! ಇವತ್ತು ಡೆಫಿನಿಷನ್ ಬರೆಸಿದೆ. ವ್ಯವಹಾರಕ್ಕೆ ಬೇಕಾದ ಮಾಹಿತಿ ಕೂಡಿಟ್ಟು, ಬೇಕಾದವರಿಗೆ ಬೇಕಾದ ಹೊತ್ತಿಗೆ ಮುಟ್ಟಿಸುವ ಏರ್ಪಾಡು. ಹಿಂದಿನ ಬೆಂಚಿನ ಸಹನ, "ಮಿಸ್, ಒಂದು ಎಕ್ಸಾಂಪಲ್?" ಅಂದಳು. ಯಾವುದು ಸಿಸ್ಟಮ್ ಅಲ್ಲವೋ ಅದರ ಎಕ್ಸಾಂಪಲ್ ಬೇಕಾದರೆ ನಮ್ಮ ಮನೆಯಲ್ಲೇ ಇದೆ. ಬ್ಯಾಂಕು ಅಂದೆ.

ಫೆಬ್ರವರಿ 9, ಭಾನುವಾರ

ಆಗುವುದು ಆಯಿತು. ಒಂದೇ ದೊಡ್ಡ ಶಾಮಿಯಾನ, ಎರಡು ಮನೆಗೆ. ಲೋಕೇಶ್ ಇಲ್ಲೇ ಒಂದು ಮದುವೆಗೆ ಒಪ್ಪಿಸಿದ್ದರು. ಮಾವ ಅದನ್ನೇ ಕಿರಂಗೂರಿನ ಮಹದೇವಸ್ವಾಮಿಯವರ ಗೃಹಪ್ರವೇಶಕ್ಕೆ ಮಾತು ಕೊಟ್ಟಿದ್ದರು. ಮಹದೇವಸ್ವಾಮಿ ಬೈಕಿನಲ್ಲಿ ಬಂದು ಅಂಗಡಿ ಮುಂದೆಯೇ ಶುರು ಮಾಡಿದರು.

"ಅಂಗ್ಡಿ ಮಡಗಿದ್ದೀಯೋ ಇಲ್ಲ ತಮಾಸೆ ಮಾಡ್ತಾ ಕುಂತಿದ್ದೀಯೋ ಚಿಕ್ಕಸಾಮಿ? ನೆಂಟ್ರೆಲ್ಲಾ ಬಿಸ್ಲಲ್ಲಿ ನಿಂತವ್ರೆ!"

ರಸ್ತೆಯವರೆಲ್ಲ ನೋಡುತ್ತಿದ್ದರು. ಮಾವ ತಲೆ ಎತ್ತಲಿಲ್ಲ. ಶ್ರೀರಂಗಪಟ್ಟಣದ ಇನ್ನೊಂದು ಅಂಗಡಿಯಿಂದ ಕಾಡಿ ಬೇಡಿ ತರಿಸಿದ್ದಾಯಿತು.

ಊಟಕ್ಕೆ ಕೂತಾಗ ಮಾವನೇ ಅಂದರು, "ಇನ್ಮ್ಯಾಲೆ ನೀನು ಯೋಳ್ದಂಗೆ ಆಗ್ಲಿ ಕಣವ್ವ."

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಫೆಬ್ರವರಿ 12, ಬುಧವಾರ

ಟ್ಯಾಬ್ ತಂದಾಯಿತು. ಎಲ್ಲ ಸಾಮಾನೂ ಅದರಲ್ಲಿ ಹತ್ತಿಸಿದೆ. ಹಸಿರು ಅಂದರೆ ಇದೆ, ಕೆಂಪು ಅಂದರೆ ಹೋಗಿದೆ. ರೂಲು ಒಂದೇ — ನನ್ನನ್ನು ಕೇಳದೆ ಯಾರೂ ಯಾರಿಗೂ ಹೂಂ ಅನ್ನಬಾರದು.

ಮಾವ ತುಂಬಾ ಹೊತ್ತು ಟ್ಯಾಬನ್ನೇ ನೋಡುತ್ತಿದ್ದರು. ಆಮೇಲೆ, "ಮದ್ವೆ ಸರಿ ಕಣವ್ವ. ಸಾವಿನ ಮನೆಯೋರು ಅಳ್ತಾ ಫೋನ್ ಮಾಡ್ತಾರೆ. ಇರಿ, ನೋಡ್ತೀನಿ ಅನ್ನಕಾಯ್ತದ?"

"ಎಲ್ಲರಿಗೂ ಒಂದೇ ರೂಲು ಮಾವ. ಒಂದು ಕಡೆ ಸಡಿಲ ಬಿಟ್ಟರೆ ಮತ್ತೆ ಮೊದಲಿನ ಹಾಗೇ."

ಟ್ಯಾಬನ್ನು ನನ್ನ ಕಡೆಗೆ ಸರಿಸಿ ಎದ್ದರು.

ಫೆಬ್ರವರಿ 24, ಸೋಮವಾರ

ನಡೆಯುತ್ತಿದೆ. ನಿಜವಾಗಿಯೂ ನಡೆಯುತ್ತಿದೆ. ಒಂದೂ ಗೊಂದಲವಿಲ್ಲ. ಲೋಕೇಶ್‌ಗೆ ಖುಷಿ.

ಆದರೆ ನನ್ನ ಪ್ರಾಣ ಹೋಗುತ್ತಿದೆ. ಸ್ನಾನಕ್ಕೆ ಹೋದರೆ ಫೋನು. ಬಸ್ಸಿನಲ್ಲಿ ನಿಂತಿದ್ದರೆ ಫೋನು. "ಅಕ್ಕ, ಎರಡು ಕೊಳಗ ಕೊಡ್ಲಾ?" "ಅಕ್ಕ, ಜಮಖಾನ ಐತಾ?" ಟ್ಯಾಬ್ ಅಂಗಡಿಯ ಮೇಜಿನ ಮೇಲೇ ಇದೆಯಲ್ಲ ಮಾರಾಯ ಅಂದರೆ, "ನಂಗೆ ಭಯ ಆಯ್ತದೆ ಅಕ್ಕ, ಏನಾರ ಅಳಿಸೋದ್ರೆ?" ಅನ್ನುತ್ತಾನೆ ಶಂಕರ್. ಮಾವ ಅದನ್ನು ಮುಟ್ಟುವುದೇ ಇಲ್ಲ. ಯಾರು ಏನು ಕೇಳಿದರೂ, "ಸೊಸೇನ ಕೇಳಿ ಯೋಳ್ತೀನಿ." ಟೀ ಅಂಗಡಿಯಲ್ಲಿ ಈಗ ಅದೇ ತಮಾಷೆಯಂತೆ. "ಟೀ ಕುಡೀತೀಯಾ ಚಿಕ್ಕಸಾಮಣ್ಣ, ಇಲ್ಲ ಸೊಸೇನ ಕೇಳ್ಬೇಕಾ?"

ಕಲಿಸಬೇಕು ಇವರಿಗೆ. ಯಾವಾಗ? ಸಮಯ ಎಲ್ಲಿದೆ...

ಮಾರ್ಚ್ 5, ಬುಧವಾರ

ಕ್ಯಾತನಹಳ್ಳಿಯ ಕುಳ್ಳಯ್ಯ ತೀರಿಕೊಂಡರು. ಬರೆಯಲು ಆಗುತ್ತಿಲ್ಲ.

ಮಾರ್ಚ್ 6, ಗುರುವಾರ

ಬರೆದುಬಿಡುತ್ತೇನೆ.

ಮಾವ ಅಂಗಡಿ ಶುರು ಮಾಡಿದ ಕಾಲದಲ್ಲಿ ಅವರ ಜೊತೆ ಕಂಬ ನೆಟ್ಟವರು ಕುಳ್ಳಯ್ಯ. ನಿನ್ನೆ ಬೆಳಿಗ್ಗೆ ಅವರ ಮನೆಯಿಂದ ಮಾವನಿಗೆ ಫೋನು ಬಂತು. ಶಾಮಿಯಾನ ಬೇಕು. ಮಾವ ಹೂಂ ಅನ್ನಲಿಲ್ಲ. ಜೀವನದಲ್ಲಿ ಮೊದಲ ಸಲ. "ಸೊಸೇನ ಕೇಳಿ ಯೋಳ್ತೀನಿ" ಅಂದರು.

ನಾನು ಕ್ಲಾಸಿನಲ್ಲಿದ್ದೆ. ಸಿಸ್ಟಮ್‌ಗೆ ಏನೇನು ಬೇಕು ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದೆ — ಹಾರ್ಡ್‌ವೇರ್, ಸಾಫ್ಟ್‌ವೇರ್, ಡೇಟಾ, ಪ್ರೊಸೀಜರ್, ಪೀಪಲ್. ಫೋನು ಬ್ಯಾಗಿನಲ್ಲಿ, ಸೈಲೆಂಟು. ಒಂದಾದ ಮೇಲೆ ಒಂದು ಎರಡು ಕ್ಲಾಸು.

ಶಂಕರ್ ನಾಗಮಂಗಲಕ್ಕೆ ಲೋಡು ಇಳಿಸಲು ಹೋಗಿದ್ದ. ಲೋಕೇಶ್ ಶಾಮಿಯಾನದ ಬಟ್ಟೆ ತರಲು ಮೈಸೂರಿಗೆ. ಮಾವ ಮಗನಿಗೂ ಫೋನು ಮಾಡಿದ್ದಾರೆ. "ಅದನ್ನ ನೋಡ್ಕೊಳೋದು ಯಶು. ಅವಳನ್ನೇ ಕೇಳಪ್ಪ" ಅಂದರಂತೆ.

ನಾನು ಫೋನು ನೋಡುವಷ್ಟರಲ್ಲಿ ಮಧ್ಯಾಹ್ನ. ಸ್ಕ್ರೀನಿನ ತುಂಬಾ ಮಾವನ ಮಿಸ್ಡ್ ಕಾಲು.

ಶಾಮಿಯಾನ ಗೋಡೌನಿನಲ್ಲೇ ಇತ್ತು, ಹೋಗಲಿಲ್ಲ. ಟ್ಯಾಬಿನಲ್ಲಿ ಹಸಿರು. ಮಾವ ಅದರ ಎದುರಿಗೇ ಕೂತಿದ್ದರು. "ಬ್ಯಾರೆ ಯಾರ್ಗಾದ್ರೂ ಬುಕ್ಕಾಗಿದ್ರೆ? ಮತ್ತೆ ಅವತ್ನಂಗೆ ಆದ್ರೆ ಅಂತ..." ಅಂದರು. ಅಷ್ಟೇ.

ಕೋಪ ಬರುತ್ತಿದೆ. ಯಾರ ಮೇಲೆ? ಹತ್ತು ಸಲ ಹೇಳಿದರೂ ಟ್ಯಾಬ್ ಮುಟ್ಟದವರ ಮೇಲೆ. ಅವಳನ್ನೇ ಕೇಳು ಅಂದವರ ಮೇಲೆ. ಒಂದು ಬೀಗ ಮಾಡಿ, ಅದರ ಕೀಲಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿದವಳ ಮೇಲೆ.

ಮಾರ್ಚ್ 8, ಶನಿವಾರ

ಮಾವನ ಜೊತೆ ಕ್ಯಾತನಹಳ್ಳಿಗೆ ಹೋಗಿ ಬಂದೆ. ಬೇಡ ಅಂದರು, ನಾನೇ ಹೊರಟೆ. ಅವತ್ತು ಆ ಮನೆಯವರು ಕಟ್ಟಿಕೊಂಡ ಟ್ರಾಕ್ಟರಿನ ಟಾರ್ಪಾಲು ಮನೆ ಮುಂದೆ ಇನ್ನೂ ಜೋತಾಡುತ್ತಿತ್ತು.

ಕುಳ್ಳಯ್ಯನವರ ಹೆಂಡತಿ ಚಲುವಮ್ಮ ಮಾವನನ್ನು ನೋಡಿ ಅಳಲಿಲ್ಲ, ಬೈಯಲಿಲ್ಲ.

"ನೀನು ಬಂದೇ ಬತ್ತೀಯ ಅಂತ ಬ್ಯಾರೆ ಅಂಗ್ಡಿಯೋರ್ಗೆ ಫೋನೇ ಮಾಡ್ಲಿಲ್ಲ ಕಣಣ್ಣ. ಟಾರ್ಪಾಲು ಸಿಗೋಗಂಟ ಬಿಸ್ಲಲ್ಲೇ ಮಡಗಿದ್ವಿ."

"ನಂದೇ ತಪ್ಪು ಕಣಕ್ಕ" ಅಂದರು ಮಾವ. ನನ್ನ ಹೆಸರು ಎತ್ತಲಿಲ್ಲ.

ತಡೆಯಲಾಗಲಿಲ್ಲ. "ಅವರದಲ್ಲಮ್ಮ. ನನ್ನನ್ನು ಕೇಳದೆ ಕೊಡಬೇಡಿ ಅಂದಿದ್ದವಳು ನಾನು."

ಚಲುವಮ್ಮ ನನ್ನನ್ನೇ ನೋಡಿದರು. "ಕಂಪ್ಯೂಟ್ರು ಮಡಗಿದ್ದೀರಂತಲ್ಲ. ಅದು ಇಲ್ಲ ಅಂತಾ?"

"ಇದೆ ಅಂದಿತ್ತು. ನೋಡುವವರು ಇರಲಿಲ್ಲ."

"ಇದ್ನಲ್ಲವ್ವ ಇವ್ನು" ಅಂದು ಮಾವನ ಕಡೆ ಕೈ ತೋರಿಸಿದರು.



ಮಾರ್ಚ್ 19, ಬುಧವಾರ

ಹೊಸ ರೂಲು. ಸಾವಿನ ಮನೆಗೆ ಮಾವ ಹೂಂ ಅಂದರೆ ಹೂಂ. ಕೊಟ್ಟ ಮೇಲೆ ಹೇಳಿದರೆ ಸಾಕು. ಅದಕ್ಕೆ ಒಂದು ಶಾಮಿಯಾನ ಯಾವಾಗಲೂ ಪಕ್ಕಕ್ಕೆ.

ಲೋಕೇಶ್ ಹಾರಾಡಿದರು. "ಮುಹೂರ್ತದ ಸೀಸನ್ ಕಣೆ. ಯಾರಾದ್ರೂ ಸಾಯ್ಲಿ ಅಂತ ಗೋಡೌನಲ್ಲಿ ಮಡಗ್ಕೊಂಡು ಕೂರ್ಲಾ?"

ವಾದ ಸಾಕಾಯಿತು. ಟ್ಯಾಬಿನಲ್ಲಿ ಆ ಶಾಮಿಯಾನದ ಮುಂದೆ 'ರಿಪೇರಿ' ಅಂತ ಹಾಕಿಬಿಟ್ಟೆ. ಯಾರೂ ಬುಕ್ ಮಾಡುವಂತಿಲ್ಲ. ಡೇಟಾ ಸುಳ್ಳಾದರೆ ಸಿಸ್ಟಮ್ಮೇ ಸುಳ್ಳು ಅಂತ ಮೊನ್ನೆ ತಾನೇ ನೋಟ್ಸ್ ಕೊಟ್ಟವಳು.

ದಿನಾ ಊಟವಾದ ಮೇಲೆ ಮಾವನಿಗೆ ಟ್ಯಾಬ್ ಪಾಠ. ಬೆರಳು ಇಡಿ ಅಂದರೆ ಒತ್ತಿ ಹಿಡಿಯುತ್ತಾರೆ. ಎಲ್ಲ ಅಳಿಸಿಹೋಗುತ್ತದೆ. ಮತ್ತೆ ಹಾಕು. ದೇವರೇ...

ಏಪ್ರಿಲ್ 12, ಶನಿವಾರ, ಸಂಜೆ

ನಾಳೆ ನಾದಿನಿ ಅರ್ಪಿತಳ ಸೀಮಂತ. ಮನೆ ಮುಂದೆ ನಮ್ಮದೇ ಶಾಮಿಯಾನ ಎದ್ದಿದೆ. ಅತ್ತೆ ಬೆಳಿಗ್ಗೆಯಿಂದ ಕಂಬಕ್ಕೆ ಹೂವು ಸುತ್ತಿಸುತ್ತಿದ್ದಾರೆ.

ರಿಪೇರಿಯ ಶಾಮಿಯಾನ ಬೆಳಿಗ್ಗೆಯೇ ಕೆ.ಆರ್.ಎಸ್.ನ ಒಂದು ಸಾವಿನ ಮನೆಗೆ ಹೋಯಿತು. ಈಗ ಮತ್ತೆ ಫೋನು. ಮಾವ ಕೇಳಿಸಿಕೊಂಡು ನನ್ನ ಕೈಗೆ ಕೊಟ್ಟರು. ಕಿರಂಗೂರಿನಿಂದ ಒಬ್ಬ ಹುಡುಗಿ. "ನಮ್ಮಪ್ಪ ಹೋಗ್ಬುಟ್ರು ಅಕ್ಕ" ಅಂದಳು.

"ಬರ್ತೀವಿ ಕಣಮ್ಮ" ಅಂದೆ. ಟ್ಯಾಬ್ ನೋಡಿದ್ದು ಆಮೇಲೆ. ಮೇಲಿಂದ ಕೆಳಗೆ ಕೆಂಪು. ಕೇಳಿದರೆ ಬೇರೆ ಅಂಗಡಿಗಳಲ್ಲೂ ಇಲ್ಲ.

"ಈಗ ಎಲ್ಲಿಂದ ತರ್ತೀಯಾ?" ಲೋಕೇಶ್.

ಮಾವ ಹೊರಗೆ ಹೋಗಿ ಸ್ಟೂಲು ಹತ್ತಿದರು. ಹೂವು ಬಿಚ್ಚತೊಡಗಿದರು.

"ಅಯ್ಯೋ, ಬಸುರಿ ಮನೆ ಮುಂದ್ಲುದು ಸಾವಿನ್ಮನೆಗಾ? ನಿಮ್ಗೇನು ಬಂದದೆ?" ಅತ್ತೆ ಇನ್ನೂ ಕೂಗುತ್ತಲೇ ಇದ್ದಾರೆ. ಅರ್ಪಿತ ಬಾಗಿಲಿಗೆ ಬಂದು, "ಕೊಡ್ಲಿ ಬುಡವ್ವ. ನಾನು ನಡುಮನೇಲೇ ಕೂತ್ಕತೀನಿ" ಅಂದಳು. ಅತ್ತೆ ಅವಳಿಗೂ ಬೈದರು.

ಶಂಕರ್ ಟೆಂಪೋ ತರುವಷ್ಟರಲ್ಲಿ ಇಷ್ಟು ಬರೆದೆ. ಲೋಕೇಶ್ ಗೊಣಗಿಕೊಂಡೇ ಆ ಕಡೆಯ ಹಗ್ಗ ಬಿಚ್ಚುತ್ತಿದ್ದಾರೆ. ಇದನ್ನು ಟ್ಯಾಬಿನಲ್ಲಿ ಏನಂತ ಹಾಕುವುದೋ, ಮಾವನನ್ನೇ ಕೇಳ—