ನಮ್ಮ ಹೊಲದ ಮೂಲೆಯ ಸೇತುವೆ

ಲೋಕಿಕೆರೆ
ತಾ. 14-11-1962

ಚಿ. ಸೌ. ನೀಲಾಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ದೀಪಾವಳಿಗೆ ಮುಂಚೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಕಾಲುವೆ ನೀರು ಬಂದಾಗಿನಿಂದ ಕೈಗೆ ಬಿಡುವಿಲ್ಲ. ಜೋಳ ಬಿತ್ತುತ್ತಿದ್ದವರೆಲ್ಲ ಭತ್ತ ಹಾಕಿ ಕೆಸರಿಗಿಳಿದಿದ್ದೇವೆ. ಹರಿಹರದ ನಿನ್ನ ಮನೆಯಲ್ಲಿ ಹುಟ್ಟಿದ ನನ್ನ ಪೋರನಿಗೆ ಎರಡು ತುಂಬಿತು. ಎಮ್ಮೆ ಬಾಲ ಹಿಡಿದು ಓಡಾಡುತ್ತಾನೆ.

ಕಾಲುವೆಯ ಸೇತುವೆ ಮುಗಿಯಿತು, ದಾವಣಗೆರೆ ಬಸ್ಸು ಈಗ ಊರೊಳಗೇ ಬರುತ್ತದೆ. ಆದರೆ ಈ ಸೇತುವೆಯ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಅದು ಹನುಮಪ್ಪನ ಗುಡಿಯೆದುರು ಆಗಬೇಕಿತ್ತು, ಗುರುತಿನ ಕಲ್ಲೂ ನೆಟ್ಟಿದ್ದರಂತೆ. ನಾನು ಬಾಣಂತನ ಮುಗಿಸಿ ಬರುವಷ್ಟರಲ್ಲಿ ನಮ್ಮ ಹೊಲದ ಮೂಲೆಯಲ್ಲಿ ಗೋಡೆ ಎದ್ದಿತ್ತು. ನಿನ್ನ ಭಾವನೇ ಇಂಜಿನಿಯರ ಕೈಕಾಲು ಹಿಡಿದು ಇಲ್ಲಿಗೆ ತಂದರಂತೆ. ದಾರಿಗೆ ಜಾಗವನ್ನೂ ಪುಕ್ಕಟೆ ಬಿಟ್ಟರಂತೆ. ಗೇಣು ಬದುವಿಗಾಗಿ ಒಡಹುಟ್ಟಿದವರ ಜೊತೆ ಮಾತು ಬಿಟ್ಟ ಮನುಷ್ಯ ಇವರು. ಕೇಳಿದರೆ, "ಊರಿಗೆ ಒಳ್ಳೇದಾಗ್ತೈತೆ ಬಿಡು" ಎಂದರು. ಊರಿನ ಒಳ್ಳೆಯದು ಇವರಿಗೆ ಯಾವಾಗ ಬೇಕಾಗಿತ್ತು?

ನಮ್ಮ ಉಡಚಮ್ಮ ಮಲಗಿರುವುದೂ ಆ ಹೊಲದಲ್ಲೇ ಅಲ್ಲವೇ. ದಡಾರದಲ್ಲಿ ಹೋದ ಮಗಳನ್ನು ಬೇವಿನ ಮರದ ಕೆಳಗೆ ಮಣ್ಣು ಮಾಡಿದ್ದೆವು. ಆ ಮರ ಕಾಲುವೆಗೆ ಹೋಯಿತು. ಮರವಿಲ್ಲದೆ, ತೋಡಿದ ಮಣ್ಣಿನ ಗುಡ್ಡೆಗಳ ನಡುವೆ ನನಗೆ ಗುರುತೇ ಹತ್ತಲಿಲ್ಲ. ಇವರೇ ಕರೆದುಕೊಂಡು ಹೋಗಿ ಅವಳ ಮೇಲೆ ಇಟ್ಟಿದ್ದ ಹಳೆಯ ಚಪ್ಪಡಿ ಕಲ್ಲು ತೋರಿಸಿ, "ಮಗೀಗೆ ಏನೂ ಆಗಿಲ್ಲ, ಕಾಲುವೆ ಆಚೆಗೆ ಹೋತು" ಎಂದರು. ಅದೊಂದು ಪುಣ್ಯ. ಪ್ರತಿ ಸೋಮವಾರ ಆ ಚಪ್ಪಡಿಯ ಮುಂದೆ ದೀಪ ಹಚ್ಚಿ ಬರುತ್ತೇನೆ.

ಈಗ ಅಸಲು ಸಂಗತಿ. ನಾನು ದೀಪ ಹಚ್ಚಿ ಬಂದ ಮೇಲೆ ಇವರು ಕಂಬಳಿ ಹೊದ್ದು ಸೇತುವೆ ಕಡೆ ಹೊರಡುತ್ತಾರೆ. ಕಂಬಳಿಯೊಳಗೆ ಸಣ್ಣ ಚೊಂಬು, ಚೊಂಬಿನಲ್ಲಿ ನನ್ನ ಎಮ್ಮೆಯ ಹಾಲು. ಸೇತುವೆ ಕಟ್ಟಿದ ಮೇಸ್ತ್ರಿ ಮಸ್ತಾನಸಾಬ್ ಇನ್ನೂ ಅಲ್ಲೇ ಗುಡಿಸಲಲ್ಲಿದ್ದಾನೆ, ಜೊತೆಗೆ ಗಂಡ ಸತ್ತ ತಂಗಿ ಮುಮ್ತಾಜ್. ಹಾಲು ಯಾರ ಮನೆಗೆ ಹೋಗುತ್ತದೆಂದು ಬಾಯಿ ಬಿಟ್ಟು ಹೇಳಬೇಕೇ? ಪಕ್ಕದ ಮನೆ ಕೆಂಚವ್ವ ಬೇರೆ ಹೆದರಿಸುತ್ತಾಳೆ. "ಸೇತುವೆ ನಿಲ್ಲಾಕ ನಿನ್ನ ಗಂಡ ಬುನಾದ್ಯಾಗ ಏನೋ ಇಟ್ಟಾನಂತೆ ನೋಡವ್ವ, ಮೇಸ್ತ್ರಿ ಕೂಡ ಸೇರ್ಕಂಡು." ಅವಳ ಬಾಯಿಗೆ ಬೀಗವಿಲ್ಲ. ಬರುವ ಸೋಮವಾರ ಹಿಂದೆಯೇ ಹೋಗುತ್ತೇನೆ. ಆ ಮುಮ್ತಾಜಳ ಜಡೆ ಕೈಗೆ ಸಿಕ್ಕರೆ ಬಿಡುವವಳಲ್ಲ ನಾನು.

ನಿನ್ನ ಯಜಮಾನರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಹೊಳೆ ಗಾಳಿಗೆ ಮೈ ಜೋಪಾನ. ಮುತ್ತೈದೆಯಾಗಿ ತಣ್ಣಗಿರು.

ಇಂತಿ ನಿನ್ನ ಅಕ್ಕ,
ಗುರುಶಾಂತಮ್ಮ

ತಾ.ಕ. ಕಾಗದ ಅಂಚೆಗೆ ಹಾಕಿರಲಿಲ್ಲ. ನಿನ್ನೆ ಸೋಮವಾರ ಹಿಂದೆಯೇ ಹೋದೆ. ಇವರು ಗುಡಿಸಲ ಕಡೆ ತಿರುಗಿಯೂ ನೋಡಲಿಲ್ಲ. ಸೇತುವೆ ಪಕ್ಕದಲ್ಲಿ ಇಳಿದು, ಗೋಡೆಯ ಬುಡಕ್ಕೆ ಹಾಲೆರೆದು, ಕಲ್ಲಿಗೆ ವಿಭೂತಿ ಹಚ್ಚಿದರು. ನನ್ನನ್ನು ಕಂಡು ಚೊಂಬು ಕೆಳಗಿಟ್ಟು ಹೇಳಿದರು.

"ಕಾಲುವೆ ತೋಡುವಾಗ ಮಗು ಸಿಕ್ತು. ಮಲಗಿಸಿದ ಜಾಗದಿಂದ ಎಬ್ಬಿಸಬಾರದು ಅಂತ ಸೇತುವೇನೇ ಇಲ್ಲಿಗೆ ತಂದೆ. ಮಸ್ತಾನಣ್ಣ ಬುನಾದ್ಯಾಗ ಜಾಗ ಮಾಡಿ, ತನ್ನ ಕೈಯಾರೆ ಕಲ್ಲು ಮುಚ್ಚಿದ. ಹಳೇ ಚಪ್ಪಡಿ ನಾನೇ ಎತ್ತಿ ಆಚೆ ಇಟ್ಟೆ. ನೀನು ಹಸೀ ಬಾಣಂತಿ, ಎದೆಹಾಲು ಬತ್ತೀತು ಅಂತ ಹೇಳಲಿಲ್ಲ. ಆಮ್ಯಾಲೆ ಹೇಳಾಕ ಬಾಯಿ ಬರಲಿಲ್ಲ."

ಮುಮ್ತಾಜಳೇ ನನ್ನ ಕೈ ಹಿಡಿದು ಮನೆತನಕ ಬಿಟ್ಟುಹೋದಳು.

ಎರಡು ವರ್ಷ ನಾನು ಬರೀ ಮಣ್ಣಿಗೆ ದೀಪ ಹಚ್ಚಿದ್ದೇನೆ, ನೀಲಾ. ಈಗ ಬಸ್ಸಿನ ಸದ್ದು ಕೇಳಿದರೆ ಮಗಳು ಬೆಚ್ಚಿದಳೇನೋ ಅನ್ನಿಸುತ್ತದೆ.

ಒಂದು ಮಾತು ಕೇಳುತ್ತೇನೆ, ನಿಜ ಹೇಳು. ಬಾಣಂತನದಲ್ಲಿ ಇವರು ಒಮ್ಮೆ ಬಂದು ನಿನ್ನ ಜೊತೆ ಹಿತ್ತಲಲ್ಲಿ ನಿಂತು ಮಾತಾಡಿದರು. ನೀನು ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ಒಲೆಯ ಹೊಗೆ ಎಂದೆ. ಅವತ್ತು ಇನ್ನೂ ಒಲೆ ಹಚ್ಚಿರಲಿಲ್ಲ.