ಯಾವ ನೋವಿಗೆ ಓಡಿ ಬರಬೇಕಿತ್ತು?

ಕಣ್ಣಾಸ್ಪತ್ರೆಯ ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನಮ್ಮಪ್ಪನ ಬಲಗಣ್ಣು ಹೋಗಿದೆ. ತಮ್ಮಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ವಾರದೊಳಗೇ ಹೋಯಿತು. ಯಾಕೆ ಹೀಗಾಯಿತೆಂದು ಕೇಳಿದ್ದಕ್ಕೆ ತಮ್ಮ ಕಚೇರಿ ದಯಪಾಲಿಸಿದ ಉತ್ತರ ಒಂದೇ ಸಾಲು: "ಸೋಂಕು ತಗುಲಿದ ನಂತರ ರೋಗಿಯು ತಡವಾಗಿ ಬಂದಿದ್ದು, ಇದಕ್ಕೆ ರೋಗಿಯ ಅಲಕ್ಷ್ಯವೇ ಕಾರಣ." ಎಷ್ಟು ಚೊಕ್ಕವಾಗಿ ಕೈತೊಳೆದುಕೊಂಡಿರಿ! ಆ ಅಲಕ್ಷ್ಯ ಎಂಥದೆಂದು ಊರಿಗೆಲ್ಲ ತಿಳಿಯಲಿ ಎಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಅಪ್ಪ ವೆಲ್ಡರ್. ಗೇಟು, ಕಿಟಕಿಯ ಸರಳು, ಮೆಟ್ಟಿಲ ಕಂಬಿ, ಹೀಗೆ ಅವರು ಬೆಸೆದದ್ದಕ್ಕೆಲ್ಲ ಬಣ್ಣ ಬಳಿಯುವವಳು ನಾನು. ಕೆಲವು ವರ್ಷಗಳಿಂದ ಅವರಿಗೆ ಎಲ್ಲವೂ ಹಬೆ ಹಿಡಿದ ಗಾಜಿನಾಚೆ ಇದ್ದ ಹಾಗೆ ಕಾಣುತ್ತಿತ್ತು. ಬೆಸುಗೆ ಸರಿಯಾಗಿ ಕೂತಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. "ಅಪ್ಪಾ, ಬಿಸಿ ಇರತ್ತೆ, ಮುಟ್ಬೇಡ" ಎಂದರೆ, "ಸುಮ್ನಿರೇ, ಬಿಸಿ ಅಂದ್ರೆ ಏನು ಅಂತ ಈ ಕೈಗೆ ಮರ್ತೇಹೋಗಿದೆ" ಎನ್ನುತ್ತಿದ್ದರು. ನೋವನ್ನು ನಕ್ಕು ನುಂಗಿಬಿಡುವ ಆಸಾಮಿ. ಇಂಥವರನ್ನು ಕರೆತಂದು ತಮ್ಮ ಕೈಗೆ ಒಪ್ಪಿಸಿದೆ.

ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆದ ಸಿಪ್ಪೆ, ಅದನ್ನು ಸುಲಿದು ತೆಗೆಯುತ್ತಾರೆ ಎಂದೇ ನಾವು ನಂಬಿದ್ದೆವು. ಮಬ್ಬಾಗುವುದು ಕಣ್ಣೊಳಗಿನ ಮಸೂರ, ಅದನ್ನು ತೆಗೆದು ಕೃತಕ ಮಸೂರ ಕೂರಿಸುತ್ತಾರೆ, ಗಾಯ ಮಾಯುವವರೆಗೆ ಉಜ್ಜದೆ, ನೀರು ತಾಗಿಸದೆ ಕಣ್ಣನ್ನು ಜೋಪಾನ ಮಾಡಬೇಕು ಎಂಬುದೆಲ್ಲ ನನಗೆ ತಿಳಿದದ್ದು ಕಣ್ಣು ಹೋದ ಮೇಲೆ, ಬೇರೊಬ್ಬ ವೈದ್ಯೆಯ ಬಾಯಿಂದ. ಅಲ್ಲ, ಸುಳ್ಳೇಕೆ ಹೇಳಲಿ, ತಾವೂ ತಿಳಿಸಿದ್ದೀರಿ. ಆಮೇಲೊಂದು ದಿನ ಒಳಗೆ ಹೋಗಿ ನೋಡಿದೆ. ಕಾಯುವ ಕೋಣೆಯ ಗೋಡೆಯ ಮೇಲೆ ಅದಷ್ಟನ್ನೂ ಇರುವೆ ಗಾತ್ರದ ಅಕ್ಷರದಲ್ಲಿ ಬರೆಸಿ ಹಾಕಿದ್ದೀರಿ. ಅದರ ಕೆಳಗಿನ ಬೆಂಚುಗಳಲ್ಲಿ ಕೂತವರೆಲ್ಲ ಕಣ್ಣು ಮಂಜಾದವರು. ಯಾರು ಓದಲಿ ಎಂದು ಬರೆಸಿದಿರಿ ಸ್ವಾಮೀ? ನಾನಾದರೂ ಓದುತ್ತಿದ್ದೆ, ಆದರೆ ರೋಗಿಯ ಕಡೆಯವರನ್ನು ತಮ್ಮ ಕಾವಲುಗಾರ ಅಂದು ಬಾಗಿಲಾಚೆಯೇ ನಿಲ್ಲಿಸಿದ್ದ.

ಮನೆಗೆ ಕಳಿಸುವಾಗ ನರ್ಸಮ್ಮ ಬಾಗಿಲಲ್ಲೇ ನಿಂತು ಹೇಳಿದ್ದಿಷ್ಟು: "ಸ್ವಲ್ಪ ಉರಿ, ನೀರು ಸೋರೋದು ಎಲ್ಲ ಇದ್ದದ್ದೇ ತಾತ, ಗಾಬರಿ ಆಗ್ಬೇಡಿ. ಡ್ರಾಪ್ಸ್ ಮಾತ್ರ ತಪ್ಪಿಸ್ಬೇಡಿ." ನಿಜವೇ, ಆದರೆ ಅರ್ಧ ನಿಜ. ಆ ಕಿರಿಕಿರಿ ದಿನದಿನಕ್ಕೆ ಇಳಿಯಬೇಕು. ಇಳಿಯುವ ಬದಲು ನೋವು ಏರಿದರೆ, ಕಣ್ಣು ಕೆಂಡವಾದರೆ, ಬಂದ ದೃಷ್ಟಿ ಮತ್ತೆ ಮಸುಕಾದರೆ ಆ ಗಳಿಗೆಯಲ್ಲೇ ಎದ್ದು ಓಡಿ ಬರಬೇಕು. ಇಷ್ಟು ಹೇಳಿದ್ದರೆ ಯಾರ ನಾಲಿಗೆ ಸವೆದುಹೋಗುತ್ತಿತ್ತು?

ಪಟ್ಟಿ ಬಿಚ್ಚಿದ ದಿನ ಅಪ್ಪ ನನ್ನ ಮೂಗಿನ ಮೇಲಿದ್ದ ಹಸಿರು ಬಣ್ಣದ ಚುಕ್ಕೆಯನ್ನು ಕಂಡುಹಿಡಿದಿದ್ದರು. "ಗೇಟಿಗಿಂತ ನಿಂಗೇ ಜಾಸ್ತಿ ಬಳ್ಕೊಂಡಿದ್ದೀಯಲ್ಲೇ!" ಎಂದು ಕೈತಟ್ಟಿ ನಕ್ಕಿದ್ದರು. ಒಂದೆರಡು ದಿನಕ್ಕೆ ನೋವು ಶುರುವಾಯಿತು. ವೆಲ್ಡರುಗಳಿಗೆ ಕಣ್ಣುನೋವು ಹೊಸದಲ್ಲ. ಬೆಸುಗೆಯ ಬೆಳಕು ಬರಿಗಣ್ಣಿಗೆ ಹೊಡೆದರೆ ಮರಳು ತುಂಬಿದಂತೆ ಉರಿಯುತ್ತದೆ, ಕೆಂಪಾಗುತ್ತದೆ, ನೀರು ಸುರಿಯುತ್ತದೆ. ಕತ್ತಲ ಕೋಣೆಯಲ್ಲಿ ಒದ್ದೆ ಬಟ್ಟೆ ಹಾಕಿಕೊಂಡು ಬಿದ್ದುಕೊಂಡರೆ ತಾನಾಗಿ ಇಳಿಯುತ್ತದೆ; ಆ ಕಸುಬಿನವರು ಮಾಡುವುದು ಅದನ್ನೇ. ಅಪ್ಪನೂ ಅದನ್ನೇ ಮಾಡಿದರು. "ಆಸ್ಪತ್ರೆಗೆ ಹೋಗೋಣ, ಏಳು" ಎಂದು ನಾನು ಬಡಕೊಂಡೆ. "ಇದು ನಂಗೆ ಗೊತ್ತಿರೋ ನೋವು ಕಣೇ. ಇದ್ದದ್ದೇ ಅಂತ ಅವರೇ ಹೇಳ್ಲಿಲ್ವಾ?" ಎಂದು ಗೋಡೆಯ ಕಡೆ ಮಗ್ಗುಲಾದರು. ತಮ್ಮಲ್ಲಿಗೆ ಫೋನು ಮಾಡಿದೆ. ಎತ್ತಿದವರು "ತೋರಿಸೋಕೆ ಹೇಳಿರೋ ದಿನ ಬನ್ನಿ" ಎಂದು ಇಟ್ಟೇಬಿಟ್ಟರು. ಮರುದಿನ ಬೆಳಿಗ್ಗೆ ಬಟ್ಟೆ ಸರಿಸಿದರೆ ಕರಿಗುಡ್ಡೆಯಲ್ಲಿ ಬೆಳ್ಳಗೆ ಕೀವು ನಿಂತಿತ್ತು. ಆಗಿಂದಾಗಲೇ ಎಬ್ಬಿಸಿಕೊಂಡು ತಮ್ಮಲ್ಲಿಗೆ ಓಡಿ ಬಂದೆ; ಕಣ್ಣು ಉಳಿಯಲಿಲ್ಲ.

ಇದನ್ನೇ ತಾವು ಅಲಕ್ಷ್ಯ ಎಂದಿರಿ. ಸೋಂಕು ಅಪರೂಪ, ಅದು ನನಗೂ ಗೊತ್ತು. ಇದೇ ಶಸ್ತ್ರಚಿಕಿತ್ಸೆಯಿಂದ ನಮ್ಮ ಬೀದಿಯಲ್ಲೇ ಎಷ್ಟೋ ಜನ ಸೂಜಿಗೆ ದಾರ ಪೋಣಿಸುತ್ತಿದ್ದಾರೆ, ಅವರನ್ನು ಕಂಡು ನನಗೆ ಸಂತೋಷವೇ. ಸೋಂಕು ಬಂದದ್ದಕ್ಕೆ ನಾನು ಜಗಳ ತೆಗೆದಿಲ್ಲ. ಗಾಬರಿಯಾಗಬೇಡ ಎಂದು ಕಳಿಸಿ, ಗಾಬರಿಯಾಗದವನನ್ನೇ ತಪ್ಪಿತಸ್ಥ ಮಾಡಿದಿರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನನ್ನ ಆಗ್ರಹವಿಷ್ಟೇ. ಆ ಸಾಲನ್ನು ಹಿಂತೆಗೆದುಕೊಳ್ಳಿ. ಇನ್ನು ಮುಂದೆ ಕಣ್ಣಿಗೆ ಕತ್ತರಿ ಇಡುವ ಮೊದಲು ರೋಗಿಯನ್ನೂ ಮನೆಯವರನ್ನೂ ಒಟ್ಟಿಗೆ ಕೂರಿಸಿಕೊಂಡು ಏನು ಮಾಡುತ್ತೀರಿ, ಯಾವ ನೋವನ್ನು ತಾಳಬೇಕು, ಯಾವುದನ್ನು ತಾಳಲೇಬಾರದು ಎಂದು ಬಾಯಿಬಿಟ್ಟು ಹೇಳಿ. ಏನು ಅರ್ಥವಾಯಿತೆಂದು ಅವರಿಂದ ತಿರುಗಿ ಹೇಳಿಸಿಕೊಳ್ಳಿ. ಫೋನಿನ ಬಳಿ ವಿಷಯ ಬಲ್ಲವರನ್ನು ಕೂರಿಸಿ.

ಅವಸರ ಯಾಕೆಂದರೆ, ಅಪ್ಪನ ಎಡಗಣ್ಣಿನ ಪೊರೆಯೂ ಬಲಿತುಬಿಟ್ಟಿದೆ. ತೆಗೆಸೋಣವೆಂದರೆ ಮೊಂಡು ಹಿಡಿದು ಕೂತಿದ್ದಾರೆ. ಮೊನ್ನೆ ನಮ್ಮ ವೆಲ್ಡಿಂಗ್ ಶೆಡ್ಡಿನಲ್ಲಿ ಕೇಳಿಯೇ ಕೇಳಿದೆ. ಅವರು ಒಂದು ಹಳೆಯ ಬೆಸುಗೆಯನ್ನು ಹೆಬ್ಬೆರಳಿನಿಂದ ಸವರುತ್ತಲೇ ಕೂತರು. ಬೇಸತ್ತು ನಾನೆದ್ದು ಬಾಗಿಲ ಬಳಿ ಹೋಗಿ ನಿಂತೆ. ಆಗ ಹೇಳಿದರು: "ಯಾವ ನೋವಿಗೆ ಓಡ್ಬೇಕು ಅಂತ ಅವರ ಬಾಯಲ್ಲಿ ಹೇಳಿಸು, ಬರ್ತೀನಿ. ಇಲ್ದಿದ್ರೆ ಬೇಡ. ಈ ಮಬ್ಬಲ್ಲೇ ನಿನ್ನ ಮುಖ ನೋಡ್ಕೊಂಡು ಇದ್ದುಬಿಡ್ತೀನಿ." ಹಾಗೆ ಹೇಳುತ್ತ ಅವರು ನೋಡುತ್ತಿದ್ದದ್ದು ಗೂಟಕ್ಕೆ ನೇತುಹಾಕಿದ್ದ ನನ್ನ ಕೆಲಸದ ಅಂಗಿಯನ್ನು. ನಾನು ಸದ್ದಾಗದಂತೆ ಹೋಗಿ ಆ ಅಂಗಿಯ ಪಕ್ಕದಲ್ಲೇ ನಿಂತುಕೊಂಡೆ.

ಇಂತಿ,
ಮತ್ತೆ ತಮ್ಮ ಬಾಗಿಲನ್ನೇ ತಟ್ಟದೆ ಗತಿಯಿಲ್ಲದ,
ವೆಲ್ಡರನ ಮಗಳು