ಗಿರಣಿಯ ಬೆಲ್ಟು ಎಫ್ರೋಸಿನಾ ಚಿಕ್ಕಮ್ಮನ ಹತ್ತಿರ ಇದೆ

ಸೆನೈದಾ ಅಕ್ಕಾ,

ಗಿರಣಿಯ ಬೆಲ್ಟು ಹುಡುಕಬೇಡ. ನಾನೇ ಬಿಚ್ಚಿ ಎಫ್ರೋಸಿನಾ ಚಿಕ್ಕಮ್ಮನಿಗೆ ಕೊಟ್ಟಿದ್ದೇನೆ. ಬೈಯುವುದಿದ್ದರೆ ಸಂಜೆ ನಾನು ಬಂದ ಮೇಲೆ ಬೈಯಿ.

ನಿನ್ನೆ ಮೆಕ್ಕೆಜೋಳ ಬೇಯಿಸುವಾಗ ಒಂದು ಸಲ ಹಾಕಬೇಕಾದ ಸುಣ್ಣವನ್ನು ನೀನು ಎರಡು ಸಲ ಹಾಕಿದೆ. ಹಿಟ್ಟು ಹಳದಿಯಾಯಿತು, ರೊಟ್ಟಿಯನ್ನು ಹಂದಿಯೂ ಮೂಸಲಿಲ್ಲ. ಅದು ಹೋಗಲಿ. ಆಮೇಲೆ ಗಿರಣಿಯ ಮುಂದೆ ನಿಂತಲ್ಲೇ ನಿದ್ದೆ ಹೋದೆ. ನಿನ್ನ ಶಾಲಿನ ತುದಿ ತಿರುಗುವ ಕಲ್ಲಿನೊಳಕ್ಕೆ ಹೋಗುತ್ತಿತ್ತು. ನಾನು ಎಳೆದೆ. "ಯಾಕೋ ಎಳೀತೀಯಾ, ಹರಿದುಹೋಗುತ್ತೆ" ಅಂದೆ ನೀನು. ನಿನಗೆ ಗೊತ್ತೇ ಆಗಲಿಲ್ಲ. ಇವತ್ತು ನಾನು ಪರೀಕ್ಷೆಗೆ ಓಹಾಕಾ ನಗರಕ್ಕೆ ಹೋಗುತ್ತಿದ್ದೇನೆ. ಎಳೆಯುವುದಕ್ಕೆ ಯಾರೂ ಇರುವುದಿಲ್ಲ.

ಅದಕ್ಕೇ ನಿನ್ನ ಹೆಸರಿನಲ್ಲಿ ಚಿಕ್ಕಮ್ಮನ ಹತ್ತಿರ ಮುಯ್ಯಾಳು ಕೇಳಿದೆ, ನೀನು ಮಾಡಿಕೊಟ್ಟ ಕೆಲಸಕ್ಕೆ ಬದಲು ಕೆಲಸ. ಊರಿನ ಪ್ರತಿ ಮದುವೆಗೂ ನೀನು ಹಿಟ್ಟು ಬೀಸಿಕೊಟ್ಟಿದ್ದೀಯ, ನಿನ್ನ ಅಂಗಡಿಗೆ ಮಾತ್ರ ಯಾರನ್ನೂ ಕರೆದಿಲ್ಲ. ಚಿಕ್ಕಮ್ಮ ನಕ್ಕಳು. "ನಿಮ್ಮಕ್ಕ ಬಾಯಿಬಿಟ್ಟು ಕೇಳೋಕೆ ಮುಂಚೆ ಚರ್ಚಿನ ಗಂಟೇನೇ ಮಾತಾಡುತ್ತೆ ಅಂದ್ಕೊಂಡಿದ್ದೆ ಕಣೋ." ಆಮೇಲೆ ನಗು ನಿಲ್ಲಿಸಿ, "ಅವಳ ಕಣ್ಣು ನೋಡಿದೀಯಾ? ನಿಮ್ಮಮ್ಮ ತೀರಿಹೋಗೋ ಮುಂಚೆ ಹೀಗೇ ನೋಡ್ತಿದ್ಲು" ಅಂದಳು.

ಅವಳೂ ಅವಳ ಸೊಸೆಯರೂ ಬೆಳಗಾಗುತ್ತಲೇ ಬೆಲ್ಟು ತೆಗೆದುಕೊಂಡು ಬರುತ್ತಾರೆ. ಬೀಸುವುದು, ತಟ್ಟುವುದು, ಮಾರುವುದು ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ನೀನು ಮಲಗು. ಹುರುಳಿಕಾಯಿ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೋ.

"ನಾನೇ ಮಾಡ್ಕೋತೀನಿ" ಅಂತ ಮಾತ್ರ ಅವರನ್ನು ವಾಪಸು ಕಳಿಸಬೇಡ. ಮುಯ್ಯಾಳನ್ನು ಬಾಗಿಲಿಂದ ತಿರುಗಿಸಿ ಕಳಿಸಿದ ಮನೆಗೆ ಈ ಊರಿನಲ್ಲಿ ಮತ್ತೆ ಯಾರೂ ಬರುವುದಿಲ್ಲ. ನಿನಗೆ ಗೊತ್ತು, ಹೆಣ ಹೊರುವುದಕ್ಕೂ ಬರುವುದಿಲ್ಲ. ನನ್ನೊಬ್ಬನ ಹೆಗಲು ಸಾಲುವುದಿಲ್ಲ ಅಕ್ಕಾ.

— ಅಬುಂದಿಯೋ